ಕಟ್ಟೆ ಇಲ್ಲದ ಮನೆಗೆ ಹಬ್ಬ ಬಂದರೆ

ಈಗ ದೀಪಾವಳಿಗೆ ಊರಿಗೆ ಬಂದವರು ಹೋಳಿಗೆ ಊಟ ಮುಗಿಸಿಕೊಂಡು ಸೈಟ್ ನೋಡಲು ಹೋಗುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿಗೆ ಹೋದರೂ ಇದೇ ನೋಟ. ಬೆಂಗಳೂರಿನ ಮಗನೋ ಅಳಿಯನೋ ಕೈಗೆ ಸಿಗುವುದು ಹಬ್ಬದ ಎರಡು ದಿನ ಮಾತ್ರ ಎಂಬುದು ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಬಲಿಪಾಡ್ಯಮಿಯ ಮಧ್ಯಾಹ್ನ ಊರಾಚೆ, ಮೊನ್ನೆಮೊನ್ನೆಯವರೆಗೆ ಮೆಕ್ಕೆಜೋಳವೋ ಶೇಂಗಾವೋ ಇದ್ದ ಹೊಲದಲ್ಲಿ, ಸುಣ್ಣ ಬಳಿದ ಗೂಟಕಲ್ಲುಗಳ ನಡುವೆ ನಾಲ್ಕಾರು ಕಾರು ನಿಂತಿರುತ್ತವೆ. ಹೊಸ ಅಂಗಿಗೆ ಹಚ್ಚಿದ ಅರಿಶಿನದ ಬೊಟ್ಟು ಇನ್ನೂ ಆರಿಲ್ಲ, ಮಾತು ಆಗಲೇ ಅಡಿಗೆಷ್ಟು ಎಂಬಲ್ಲಿಗೆ ಬಂದಿರುತ್ತದೆ. "ಮೂವತ್ತು ನಲವತ್ತು, ಪೂರ್ವದ ಬಾಗಿಲು, ಎನ್‌ಎ ಆಗೈತೆ, ಇ-ಸ್ವತ್ತು ಕೈಯಾಗೈತೆ. ಹಬ್ಬದ ದಿನ ಅಡ್ವಾನ್ಸ್ ಕೊಟ್ರೆ ಒಳ್ಳೇದಾಗುತ್ತೆ ಸಾರ್."

ಮಾರುವವನನ್ನಾಗಲೀ ಕೊಳ್ಳುವವನನ್ನಾಗಲೀ ಬೈಯುವ ಇರಾದೆ ನನಗಿಲ್ಲ. ಮಳೆ ಕೈಕೊಟ್ಟು ಕೊಟ್ಟು ಸಾಕಾದ ಹೊಲ ಮಾರಿ ಮಗಳ ಮದುವೆ ಮಾಡಿದವನಿಗೆ ಸೈಟೇ ಲಕ್ಷ್ಮಿ. ನನ್ನ ತಕರಾರು ಬೇರೆ. ಹಬ್ಬಗಳು ಕಳೆಗುಂದಿದವು ಎಂದ ಕೂಡಲೇ ಜನ ಟಿವಿಯನ್ನು, ಮೊಬೈಲನ್ನು, ಇಂಗ್ಲಿಷ್ ಮೀಡಿಯಮ್ಮನ್ನು ದೂರುತ್ತಾರೆ. ನಾನು ದೂರುವುದು ಗೇಟನ್ನು. ಹಬ್ಬ ಇದ್ದದ್ದು ಮನೆಯ ಮುಂದಿನ ಕಟ್ಟೆಯಲ್ಲಿ, ಪಡಸಾಲೆಯಲ್ಲಿ, ಇಬ್ಬರಿಗೂ ಸೇರಿದ ನಡುಗೋಡೆಯಲ್ಲಿ, ಹಿತ್ತಿಲ ಬಾಗಿಲಲ್ಲಿ. ಇವೆಲ್ಲ ಚದರಡಿಗೆ ಇಷ್ಟು ಎಂದು ಬೆಲೆಯಾದ ಮೇಲೆ ಹಬ್ಬಕ್ಕೆ ಕೂರಲು ಜಾಗವಿಲ್ಲದಂತಾಯಿತು.

ಅಪ್ಪ ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ಊರಿನವರ ಜಮೀನಿನ ಪಹಣಿಯನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದ ಅವರ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ವರ್ಗವಾದ ಕಡೆಗೆಲ್ಲ ಟ್ರಂಕು, ಒರಳುಕಲ್ಲು ಹೊತ್ತುಕೊಂಡು ಹೋಗಿ ಈ ನಾಲ್ಕೂ ಊರಿನ ಬಾಡಿಗೆ ಮನೆಗಳಲ್ಲಿ ನಾವು ಬೆಳೆದೆವು. ಹಾಗಾಗಿ ನನಗೆ ನೆನಪಿರುವ ಹಬ್ಬಗಳೆಲ್ಲ ಪರರ ಮನೆಯ ಹಬ್ಬಗಳೇ.

ಆಗ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಯಾವ ಬಾಗಿಲಿಗೂ ತೂಗುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲೋ ಹಿಟ್ಟಿನ ಗಿರಣಿಯಲ್ಲೋ ಕೇಳಿದರೆ ಸಾಕು, ಯಾವ ಬೀದಿಯಲ್ಲಿ ಯಾರ ಮನೆ ಖಾಲಿ ಇದೆ, ಬಚ್ಚಲಿಗೆ ನೀರು ಹೊರಬೇಕೋ ಬೇಡವೋ, ಯಜಮಾನರ ಹೆಂಡತಿ ಬಾಯಿಬಡುಕಿಯೋ ಹೇಗೆ, ಎಲ್ಲ ತಿಳಿಯುತ್ತಿತ್ತು. ಅಡ್ವಾನ್ಸು ಎಂದರೆ ಒಂದು ತಿಂಗಳ ಬಾಡಿಗೆ, ಅದೂ ಕೇಳಿದರೆ. ಕೈಯಲ್ಲಿ ಗಂಟಿದ್ದವರು ಭೋಗ್ಯಕ್ಕೆ ಹಾಕಿಕೊಳ್ಳುತ್ತಿದ್ದರು. ಕರಾರು ಪತ್ರದ ಬದಲು ಒಂದಷ್ಟು ಪ್ರಶ್ನೆಗಳಿರುತ್ತಿದ್ದವು. ಆ ಪ್ರಶ್ನೆಗಳಲ್ಲಿ ಜಾತಿಯೂ ಇತ್ತು ಎಂಬುದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಹೊಗಳಿದರೆ ಅದು ಸುಳ್ಳು ಲೇಖನವಾಗುತ್ತದೆ. ಎಲ್ಲ ಕಟ್ಟೆಗಳೂ ಎಲ್ಲರಿಗೂ ಇರಲಿಲ್ಲ. ಕೇರಿಯ ಜನ ಹಬ್ಬದೂಟಕ್ಕೆ ಹಿತ್ತಿಲಲ್ಲಿ ನಿಲ್ಲಬೇಕಿತ್ತು. ನಾನು ಅದನ್ನು ಕಂಡಿದ್ದೇನೆ.

ಯುಗಾದಿಗೆ ಹದಿನೈದು ದಿನ ಇರುವಾಗಲೇ ಹಬ್ಬ ಶುರು. ನಮ್ಮ ಕಡೆಯ ಮಾಳಿಗೆ ಮನೆಗಳಿಗೆ ಮೇಲೆ ಮಣ್ಣು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಅದರ ಮೇಲೆ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಹೊಸ ಕರಲು ಎರಚಿ ತುಳಿಯಬೇಕು, ಇಲ್ಲದಿದ್ದರೆ ಮುಂಗಾರಿನಲ್ಲಿ ಅಡಿಗೆಮನೆಯೊಳಗೂ ಪಾತ್ರೆ ಇಟ್ಟುಕೊಂಡು ಕೂರಬೇಕು. ಕೆಳಗೆ ಗೋಡೆಗೆ ಸುಣ್ಣ, ಸುಣ್ಣಕ್ಕೊಂದು ಚಿಟಿಕೆ ನೀಲಿ, ಅಂಚಿಗೆ ಕೆಮ್ಮಣ್ಣಿನ ಕಾರಣೆ. ಇದರ ಖರ್ಚು ಯಾರದು ಎಂಬುದು ಮಾಲೀಕರಿಗೂ ಬಾಡಿಗೆಯವರಿಗೂ ವರ್ಷಕ್ಕೊಮ್ಮೆ ನಡೆಯುವ ವ್ಯಾಜ್ಯ. ಹೊಳಲ್ಕೆರೆಯ ನಮ್ಮ ಮನೆಯ ಅಜ್ಜಿ ಅದನ್ನು ಒಂದೇ ಮಾತಲ್ಲಿ ಬಗೆಹರಿಸಿದ್ದಳು. "ಸುಣ್ಣ ನಂದು, ಕೈ ನಿಮ್ದು." ಅವಳು ಪಡಸಾಲೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತು ಎಲ್ಲಿ ಬಿಟ್ಟಿದೆ ಎಂದು ಬೆರಳು ತೋರಿಸುವುದು, ಅಮ್ಮ ಮುಖದ ತುಂಬ ಸುಣ್ಣದ ಹನಿ ಸಿಡಿಸಿಕೊಂಡು ಏಣಿಯ ಮೇಲೆ ನಿಂತು ಗೊಣಗುವುದು. ಸಂಜೆಗೆ ಅದೇ ಅಜ್ಜಿ ಅಮ್ಮನ ಬೆನ್ನಿಗೆ ಹರಳೆಣ್ಣೆ ತಿಕ್ಕಿ ನೀರು ಹುಯ್ಯುತ್ತಿದ್ದಳು. ಬಾಡಿಗೆ ಎಷ್ಟಿತ್ತು ಎಂಬುದು ನನಗೆ ಮರೆತಿದೆ, ಇದು ಮರೆತಿಲ್ಲ.

ಹೊಳಲ್ಕೆರೆಯ ಊರ ದೇವರಿಗೆ ಮಾತ್ರ ಮನೆಯ ತಾಪತ್ರಯವೇ ಇಲ್ಲ. ಬಯಲು ಗಣಪ. ಗುಡಿಯ ಸೂರಿಲ್ಲದೆ, ಬೆನ್ನಿಗೆ ಜಡೆ ಇಳಿಬಿಟ್ಟುಕೊಂಡು, ಬಿಸಿಲು ಮಳೆಯಲ್ಲೇ ಕೂತಿರುವ ದೊಡ್ಡ ಗಣಪತಿ. ಖಾತೆಯಿಲ್ಲ, ಕಂದಾಯವಿಲ್ಲ, ಪಾಲು ಕೇಳುವ ದಾಯಾದಿಯಿಲ್ಲ. ಚೌತಿಯ ದಿನ ಅವನ ಮುಂದೆ ನಿಂತು, ಮನೆ ಮನೆಯ ಗಣಪನಿಗೆ ಅಕ್ಷತೆ ಹಾಕಲು ಹೊರಡುತ್ತಿದ್ದೆವು. ಗುರುತಿದ್ದವರ ಮನೆ, ಗುರುತಿಲ್ಲದವರ ಮನೆ ಎಂಬ ಭೇದವಿರಲಿಲ್ಲ. ಬಾಗಿಲು ತೆರೆದಿದೆ ಎಂದರೆ ಒಳಗೆ ಗಣಪ ಇದ್ದಾನೆ ಎಂದರ್ಥ. ಈಗಿನ ಬಡಾವಣೆಯಲ್ಲಿ ಮಕ್ಕಳು ಹಾಗೆ ಹೋಗಲಿ ನೋಡೋಣ. ಮೊದಲು ಗೇಟು, ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ', ದಾಟಿದರೆ ಕಾರು ನಿಲ್ಲಿಸುವ ಜಾಗ, ಆಮೇಲೆ ಗ್ರಿಲ್ಲು, ಅದರಾಚೆ ತೇಗದ ಬಾಗಿಲು, ಬಾಗಿಲಿಗೆ ಕ್ಯಾಮೆರಾ. ಇಷ್ಟನ್ನು ದಾಟಿ ಅಕ್ಷತೆ ಹಾಕುವಷ್ಟು ಭಕ್ತಿ ಯಾವ ಹತ್ತು ವರ್ಷದ ಹುಡುಗನಿಗಿದೆ?

ಹೊಸದುರ್ಗ ಎಂದರೆ ನನಗೆ ಗೌರಿ ಹುಣ್ಣಿಮೆ. ದೀಪಾವಳಿ ಕಳೆದ ಮೇಲೆ ಬರುವ ಕಾರ್ತಿಕದ ಹುಣ್ಣಿಮೆ. ಹಳೇ ಮೈಸೂರಿನ ಕಡೆಯವರಿಗೆ ಗೌರಿ ಎಂದರೆ ಭಾದ್ರಪದ, ನಮ್ಮ ಮಧ್ಯ ಕರ್ನಾಟಕದಲ್ಲಿ ಸಕ್ಕರೆ ಆರತಿಯ ಈ ಗೌರಿಯ ಸಡಗರವೇ ಒಂದು ಕೈ ಹೆಚ್ಚು. ನಮ್ಮ ಮನೆಯ ಮಾಲೀಕರದು ಮಿಠಾಯಿ ಅಂಗಡಿ. ಹಬ್ಬಕ್ಕೆ ವಾರವಿರುವಾಗ ಅವರ ಪಡಸಾಲೆಯೇ ಕಾರ್ಖಾನೆ. ತಾತನ ಕಾಲದ ಮರದ ಅಚ್ಚುಗಳನ್ನು ನೀರಲ್ಲಿ ನೆನೆಹಾಕಿ, ಎರಡು ಹೋಳು ಜೋಡಿಸಿ ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸುವುದು. ದೊಡ್ಡ ಒಲೆಯ ಮೇಲೆ ಸಕ್ಕರೆ ಪಾಕ. ಅದಕ್ಕಿಷ್ಟು ಹಾಲು ಬಿಟ್ಟರೆ ಕಸರು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ತೆಗೆದು ಪಾಕ ಬೆಳ್ಳಗಾಗಿಸುವುದು. ಹದ ನೋಡುವವರು ಒಬ್ಬರೇ, ಆ ಮನೆಯ ಯಜಮಾನ. ಸೌಟಿನಿಂದ ಒಂದು ಹನಿ ಬೆರಳಿಗೆ ತೆಗೆದುಕೊಂಡು ಎಳೆ ನೋಡಿ "ಹೂಂ" ಎಂದರೆ ಎಲ್ಲರೂ ಅಚ್ಚಿನ ಬಾಯಿಗೆ ಪಾಕ ಹುಯ್ಯಲು ಓಡಬೇಕು. ಒಂದು ಗಳಿಗೆ ತಡವಾದರೂ ಅದು ಬಾಣಲೆಯಲ್ಲೇ ಹರಳುಗಟ್ಟುತ್ತದೆ. ತಣಿದ ಮೇಲೆ ದಾರ ಬಿಚ್ಚಿ ಅಚ್ಚು ತೆರೆದರೆ ಒಳಗಿಂದ ಆನೆ, ಕುದುರೆ, ಒಂಟೆ, ನವಿಲು, ತೇರು. ಸೊಂಡಿಲು ಮುರಿದ ಆನೆ ನಮ್ಮ ಪಾಲು. ಸೊಂಡಿಲು ಮುರಿಯಲೆಂದು ನಾವು ಹರಕೆ ಹೊರುತ್ತಿದ್ದೆವು.

ಹುಣ್ಣಿಮೆಯ ಸಂಜೆ ಹುಡುಗಿಯರು ತಟ್ಟೆಯಲ್ಲಿ ಸಕ್ಕರೆ ಗೊಂಬೆ ಜೋಡಿಸಿ, ನಡುವೆ ದೀಪ ಇಟ್ಟು, ಗೌರಿ ಕೂರಿಸಿದ ಗುಡಿಗೆ ಬೀದಿಯುದ್ದಕ್ಕೂ ಹೋಗುವರು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರಬೇಕು, ಬಂದದ್ದನ್ನು ಬೀದಿಯವರೆಲ್ಲ ನೋಡಬೇಕು. ಮಿಠಾಯಿ ಮನೆ ಈಗಿಲ್ಲ. ಬಸ್‌ಸ್ಟ್ಯಾಂಡಿಗೆ ಹತ್ತಿರದ ಜಾಗ, ಎದುರಿಗೆ ರಸ್ತೆ. ಅಂಥ ಮನೆ ಮನೆಯಾಗಿ ಉಳಿಯುವುದು ಕಷ್ಟ. ಕೆಳಗೆ ನಾಲ್ಕು ಮಳಿಗೆ, ಮೇಲೆ ಒಂದು ಫೈನಾನ್ಸ್. ಸಕ್ಕರೆ ಗೊಂಬೆ ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತವೆ, ಪ್ಲಾಸ್ಟಿಕ್ ಚೀಲದಲ್ಲಿ, ಕೆಜಿ ಲೆಕ್ಕದಲ್ಲಿ. ಕೊಂಡ ಮೇಲೆ ಅದನ್ನು ಹಿಡಿದು ಯಾವ ಬೀದಿಯಲ್ಲಿ ನಡೆಯಬೇಕು ಎಂಬುದೇ ಹೊಸ ಬಡಾವಣೆಯ ಹುಡುಗಿಗೆ ಗೊತ್ತಿಲ್ಲ. ಅಲ್ಲಿ ಫಸ್ಟ್ ಕ್ರಾಸ್, ಸೆಕೆಂಡ್ ಕ್ರಾಸ್ ಇವೆ, ಗುಡಿ ಇಲ್ಲ.

ಹೊಸದುರ್ಗ ತಾಲ್ಲೂಕಿನಲ್ಲೇ ಸಾಣೇಹಳ್ಳಿ ಇದೆ. ಪ್ರತಿ ನವೆಂಬರಿನಲ್ಲಿ ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಕೂತು ನಾಟಕ ನೋಡುವುದನ್ನು ಕಂಡಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೂರಲು ಜಾಗ ಮಾಡಿಕೊಟ್ಟರೆ ಜನ ಬರುತ್ತಾರೆ. ಜನಕ್ಕೇನೂ ಆಗಿಲ್ಲ.

ಹಿರಿಯೂರಿನ ಕಥೆ ನೀರಿನ ಕಥೆ. ವೇದಾವತಿಯ ದಂಡೆಯ ತೇರುಮಲ್ಲೇಶ್ವರನ ರಥ ಎಳೆಯುವುದು ಮಾಘದಲ್ಲಿ. ತೇರಿಗೆ ಬರುವ ನೆಂಟರಿಗೆ ಮನೆಯೊಳಗೆ ಜಾಗ ಸಾಲುತ್ತಿರಲಿಲ್ಲ. ಬೀದಿಯ ಎಲ್ಲ ಕಟ್ಟೆಗಳ ಮೇಲೂ ಕಂಬಳಿ ಹಾಸಿ ಮಲಗುತ್ತಿದ್ದರು. ಯಾರ ಕಟ್ಟೆಯ ಮೇಲೆ ಯಾರ ನೆಂಟರು ಎಂಬ ಲೆಕ್ಕವಿಲ್ಲ, ಬೆಳಿಗ್ಗೆ ಎದ್ದವರಿಗೆ ಯಾರ ಮನೆಯವರು ಕಾಫಿ ಕೊಟ್ಟರೆ ಅವರೇ ನೆಂಟರು. ಊರಿಗೆ ಆ ಧಾರಾಳ ಬಂದದ್ದು ಮಾರಿಕಣಿವೆಯಿಂದ ಎಂದು ಅಪ್ಪ ಹೇಳುತ್ತಿದ್ದರು. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟಿನ, ಅಂದರೆ ವಾಣಿವಿಲಾಸ ಸಾಗರದ ಕೆಳಗೆ ತೆಂಗು, ಅಡಿಕೆ, ಬಾಳೆ, ಭತ್ತ. ಬರಗಾಲದ ಜಿಲ್ಲೆಯಲ್ಲೊಂದು ಹಸಿರು ತುಂಡು.

ಆಮೇಲೆ ಬರದ ಮೇಲೆ ಬರ. ಕಳೆದ ದಶಕದಲ್ಲಿ ಜಲಾಶಯದ ತಳ ಕಂಡಿತು, ತೆಂಗಿನ ಮರಗಳು ನಿಂತಲ್ಲೇ ಸುಳಿ ಕಳಕೊಂಡವು. ಒಣಗಿದ ತೆಂಗು ಕಡಿಸಿಕೊಂಡು ಇಟ್ಟಿಗೆ ಗೂಡಿಗೆ ಹೋಯಿತು. ಹೆದ್ದಾರಿಗೆ ಹತ್ತಿರವಿದ್ದ ತೋಟ ಲೇಔಟ್ ಆಯಿತು. ಸುವರ್ಣ ಚತುಷ್ಪಥದ ಹೆದ್ದಾರಿ ಊರ ಪಕ್ಕದಲ್ಲೇ ಹಾದುಹೋಗುವಾಗ, ಬೆಂಗಳೂರು ಮೂರು ಗಂಟೆಯ ಹಾದಿಯಾದಾಗ, ಹಾಗಾಗದಿದ್ದರೇ ಆಶ್ಚರ್ಯ. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ, ಮಾರಿಕಣಿವೆ ಕೋಡಿ ಬಿತ್ತು. ನೀರಿನ ಮಟ್ಟ 130 ಅಡಿ. ಅಜ್ಜಂದಿರ ಬಾಯಲ್ಲಿ ಮಾತ್ರ ಕೇಳಿದ್ದ ನೋಟ ನೋಡಲು ಜನ ಟ್ರ್ಯಾಕ್ಟರು, ಟೆಂಪೋ ಕಟ್ಟಿಸಿಕೊಂಡು ಬಂದರು. ಬಾಗಿನ, ಹೋಳಿಗೆ, ಬುತ್ತಿ. ಪಂಚಾಂಗದಲ್ಲಿಲ್ಲದ ಹಬ್ಬ ಅದು, ನಾನು ಕಂಡ ಇತ್ತೀಚಿನ ಹಬ್ಬಗಳಲ್ಲಿ ನಿಜವಾದದ್ದು ಅದೊಂದೇ. 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ನೀರು ಬಂದಿದೆ, ಆದರೆ ಸೈಟಾದ ತೋಟ ತಿರುಗಿ ತೋಟವಾಗುವುದಿಲ್ಲ. ಕೊಂಡಿಟ್ಟ ಸೈಟುಗಳಲ್ಲಿ ಅರ್ಧಕ್ಕರ್ಧ ಇವತ್ತಿಗೂ ಜಾಲಿ ಬೆಳೆದುಕೊಂಡು ಬಿದ್ದಿವೆ. ಅವುಗಳ ಮಾಲೀಕರು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.

ಚಿತ್ರದುರ್ಗದ ಪೇಟೆಗೆ ಬರೋಣ. ಕೋಟೆಯ ಬುಡದ ದೊಡ್ಡಪೇಟೆ, ಚಿಕ್ಕಪೇಟೆಗಳ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟುಕೊಂಡು ಕೂತವು. ಬೇಸಿಗೆಯಲ್ಲಿ ದೊಡ್ಡಪೇಟೆಯ ರಾಜಬೀದಿಯಲ್ಲಿ ಅಕ್ಕತಂಗಿ ಭೇಟಿ ನಡೆಯುತ್ತದೆ. ಬರಗೇರಮ್ಮ, ತಿಪ್ಪಿನಘಟ್ಟಮ್ಮ ಅಕ್ಕತಂಗಿಯರು, ಮುನಿಸಿಕೊಂಡು ಬೇರೆಯಾದವರು, ವರ್ಷಕ್ಕೊಮ್ಮೆ ಎದುರುಬದುರಾಗುತ್ತಾರೆ ಎಂಬುದು ನಂಬಿಕೆ. ಉತ್ಸವಮೂರ್ತಿಗಳು ಸಮೀಪಿಸುವ ಆ ಒಂದು ಗಳಿಗೆ ಬೀದಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಮಾಳಿಗೆ ಹತ್ತಬೇಕು. ಅವತ್ತು ಆ ಬೀದಿಯ ಯಾವ ಮನೆಯವರೂ ಬಾಗಿಲು ಹಾಕುವಂತಿರಲಿಲ್ಲ. ಯಾರೋ ಹಳ್ಳಿಯವರು, ಯಾರದೋ ಕೂಸು, ನಡುಮನೆ ಹಾದು, ದೇವರ ಕೋಣೆಯ ಮುಂದೆ ಚಪ್ಪಲಿ ಕೈಲಿ ಹಿಡಿದು, ಹಿತ್ತಿಲ ಏಣಿ ಹತ್ತಿ ಮಾಳಿಗೆ ಸೇರುತ್ತಿದ್ದರು. "ಬೆಳಕಿಂಡಿ ತುಳಿಬ್ಯಾಡ್ರೋ" ಎಂದು ಮನೆಯವರು ಕೂಗುವುದು ಬಿಟ್ಟರೆ ಬೇರೆ ನಿರ್ಬಂಧವಿಲ್ಲ. ಇಳಿಯುವಾಗ ಒಂದು ಲೋಟ ಪಾನಕ.

ಭೇಟಿ ಈಗಲೂ ನಡೆಯುತ್ತದೆ, ಜನ ಮೊದಲಿಗಿಂತ ಹೆಚ್ಚು. ಮಾಳಿಗೆಗಳಿದ್ದ ಕಡೆ ಮೂರಂತಸ್ತು, ನಾಲ್ಕಂತಸ್ತು ಎದ್ದಿವೆ, ನೋಡುವುದಕ್ಕೆ ಇನ್ನೂ ಎತ್ತರದ ಜಾಗ. ಆದರೆ ಮೇಲೆ ಹೋಗುವ ಮೆಟ್ಟಿಲಿಗೆ ಬೀಗ, ಕೆಳಗೆ ರೋಲಿಂಗ್ ಶಟರ್. ಬೀಗದ ಕೈ ಮಾಲೀಕನ ಹತ್ತಿರ, ಮಾಲೀಕ ಯಾವುದೋ ಬಡಾವಣೆಯಲ್ಲಿ.

ಹಬ್ಬ ಸತ್ತಿತು ಎಂದು ಯಾರಾದರೂ ಹೇಳಿದರೆ ಚಿತ್ರದುರ್ಗದ ಜನ ನಗುತ್ತಾರೆ. ಹಿಂದೂ ಮಹಾಗಣಪತಿಯ ಶೋಭಾಯಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಚಂದ್ರವಳ್ಳಿಯ ಕೆರೆ ತಲುಪುವಷ್ಟರಲ್ಲಿ ಊರೇ ಅದುರಿರುತ್ತದೆ. ಹಬ್ಬ ಸಾಯಲಿಲ್ಲ, ಮನೆ ಬಿಟ್ಟು ಹೆದ್ದಾರಿಗೆ ಬಂತು. ಅಲ್ಲಿ ಕುಣಿಯಬಹುದು, ಕೂಗಬಹುದು. ಪಕ್ಕದಲ್ಲಿ ಕುಣಿಯುತ್ತಿರುವವನ ಹೆಸರು ಗೊತ್ತಾಗುವುದಿಲ್ಲ, ಅವನ ಮನೆಯ ಪಾನಕ ಸಿಗುವುದಿಲ್ಲ. ವಯಸ್ಸಾದವರಿಗೆ, ಬಾಣಂತಿಯರಿಗೆ, ಸದ್ದಿಗೆ ಬೆಚ್ಚುವ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಕಟ್ಟೆಯ ಹಬ್ಬದಲ್ಲಿ ಮೊದಲ ಸಾಲು ಅವರದಾಗಿತ್ತು.

ಹಳೆಯ ಮನೆಗಳು ಹೋದದ್ದು ಹೆದ್ದಾರಿಯಿಂದಲೇ ಅಲ್ಲ, ಪಾಲಿನಿಂದಲೂ ಹೌದು. ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಸಿಗುವುದು ಹಬ್ಬಕ್ಕೆ, ಹಾಗಾಗಿ ಪಾಲಿನ ಮಾತು ಏಳುವುದೂ ಹಬ್ಬಕ್ಕೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ನ್ಯಾಯವಾದದ್ದು, ತಡವಾಗಿಯೇ ಬಂದದ್ದು. ಹಬ್ಬದ ಹಿಂದಿನ ರಾತ್ರಿಯಿಡೀ ಹೋಳಿಗೆ ತಟ್ಟಿದ ಕೈಗಳಿಗೆ ಆ ಮನೆಯ ಒಂದು ಜಂತೆಯೂ ಸೇರಿರಲಿಲ್ಲ ಎಂಬುದು ಹಳೆಯ ಹಬ್ಬದ ದೊಡ್ಡ ಕಳಂಕ. ಆದರೆ ಸೈಟಿನ ಬೆಲೆ ಏರಿದಂತೆ ತವರಿನವರು ಕಂಡುಕೊಂಡ ಉಪಾಯ ನೋಡಿ. ನನ್ನ ಪರಿಚಯದ ಒಬ್ಬಾಕೆಗೆ ಗೌರಿ ಹಬ್ಬಕ್ಕೆ ಅಣ್ಣನಿಂದ ಕರೆ ಬಂತು. ಮರದ ಬಾಗಿನ, ಸೀರೆ, ಬಳೆ, ಊಟ. ಊಟದ ಮೇಲೆ ಹಕ್ಕು ಬಿಡುಗಡೆ ಪತ್ರ. ಮನೆ ಮಾರಲು ಗಿರಾಕಿ ಸಿಕ್ಕಿದ್ದಾನೆ, ಸಹಿ ಬೇಕು. ಆಕೆ ಹಾಕಿದಳು. ಮರುವರ್ಷದಿಂದ ಹಬ್ಬಕ್ಕೆ ಕರೆ ಬರಲಿಲ್ಲ, ಕರೆಯಲು ಮನೆಯೂ ಇರಲಿಲ್ಲ. ದುರ್ಗದ ದೇವತೆಗಳಿಗಾದರೂ ವರ್ಷಕ್ಕೊಂದು ಭೇಟಿ ಉಂಟು.

ದೊಡ್ಡವರ ಮನೆಗೂ ಮಾರಾಟದ ಮಾತು ತಪ್ಪಿದ್ದಲ್ಲ. ಎರಡು ಬಾರಿ ಮುಖ್ಯಮಂತ್ರಿಯಾಗಿದ್ದ, ಏಕೀಕೃತ ಕರ್ನಾಟಕಕ್ಕೆ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಬಾಳಿದ ಚಿತ್ರದುರ್ಗದ ಮನೆಯನ್ನು ಸ್ಮಾರಕ ಮಾಡುತ್ತೇವೆ ಎಂದು ಸರ್ಕಾರ ಹೇಳುತ್ತ ವರ್ಷಗಳು ಕಳೆದವು. ಕೊನೆಗೆ ಆ ಮನೆ ಮಾರಾಟಕ್ಕಿದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಬಂದಿತು, ಬೆಲೆ 10 ಕೋಟಿ. ಊರಿಗೆ ನಾಚಿಕೆಯಾಯಿತೋ ಸರ್ಕಾರಕ್ಕಾಯಿತೋ, 2025ರ ಹೊತ್ತಿಗೆ ಸರ್ಕಾರವೇ ಕೊಂಡುಕೊಂಡಿತು. ಒಳ್ಳೆಯದಾಯಿತು. ನಮ್ಮ ಹೊಳಲ್ಕೆರೆಯ ಅಜ್ಜಿಯ ಮನೆಯನ್ನು ಕೊಳ್ಳಲು ಯಾವ ಸರ್ಕಾರ ಬರುತ್ತದೆ? ಅದನ್ನು ಅಡಿಕೆಯ ದುಡ್ಡು ಕೊಂಡಿತು. ಬೋದಿಗೆ ಕಂಬಗಳು ಬೆಂಗಳೂರಿನ ಹೊರವಲಯದ ಯಾವುದೋ ರೆಸಾರ್ಟಿಗೆ ಹೋದವು, 'ಹಳ್ಳಿ ಸೊಗಡು' ಎಂದು ಅಲ್ಲಿ ನಿಲ್ಲಿಸಿದ್ದಾರಂತೆ. ಅಲ್ಲಿ ದೀಪಾವಳಿ ಪ್ಯಾಕೇಜೂ ಇದೆಯಂತೆ.

ಮಾಳಿಗೆ ಮನೆ ಮತ್ತೆ ಕಟ್ಟಿ ಎಂದು ನಾನು ಹೇಳುವುದಿಲ್ಲ. ಕರಲು ತುಳಿಯುವವರು ಯಾರೂ ಇಲ್ಲ, ಹೆಂಗಸರನ್ನು ಮತ್ತೆ ಏಣಿಯ ಮೇಲೆ ನಿಲ್ಲಿಸುವುದೂ ಬೇಡ. ಆದರೆ ಈ ನಾಲ್ಕು ಊರುಗಳಲ್ಲಿ ಸೈಟು ಕೊಳ್ಳುವವರು ಒಂದು ಪ್ರಶ್ನೆ ಕೇಳಬಹುದು. ಬಡಾವಣೆ ಮಂಜೂರಾಗಬೇಕಾದರೆ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಲೇಬೇಕು ಎಂಬ ನಿಯಮವಿದೆ. ಆ ಜಾಗ ನಕ್ಷೆಯಲ್ಲಿ ಎಲ್ಲಿದೆ, ನೆಲದ ಮೇಲೆ ಎಲ್ಲಿದೆ, ಎರಡೂ ಒಂದೇ ಕಡೆ ಇವೆಯೇ ಎಂದು ಅಡ್ವಾನ್ಸ್ ಕೊಡುವ ಮುಂಚೆ ಕೇಳಿ, ಹೋಗಿ ನಿಂತು ನೋಡಿ. ಮನೆ ಕಟ್ಟಿಸುವವರು ಕಾಂಪೌಂಡನ್ನು ಗೇಟಿನ ಪಕ್ಕದಲ್ಲಿ ಎರಡಡಿ ಒಳಗೆ ಸರಿಸಿ ನಾಲ್ಕು ಜನ ಕೂರುವಷ್ಟು ಕಟ್ಟೆ ಹಾಕಿಸಿ, ಬೀದಿಯ ಕಡೆ ಮುಖ ಮಾಡಿ. ಮೂವತ್ತು ನಲವತ್ತರ ಸೈಟಿನಲ್ಲೂ ಅದಕ್ಕೆ ಜಾಗ ಸಿಗುತ್ತದೆ, ಖರ್ಚು ಒಂದು ಲೋಡು ಕಲ್ಲಿಗಿಂತ ಹೆಚ್ಚಾಗುವುದಿಲ್ಲ.